ಆಟ ಬಿಟ್ಟು ಮಾತಿಗೆ ಬಂದವರಿಗೆ ಬೋಯಾ ಬಿವೈ-ಎಂ1 ಕಾಲರ್ ಮೈಕ್ ಸಾಕೇ?

ಬೋಯಾ ಬಿವೈ-ಎಂ1 ಅಂಗಿಗೆ ಸಿಕ್ಕಿಸಿಕೊಳ್ಳುವ, ವೈರ್ ಇರುವ ಪುಟ್ಟ ಮೈಕು. ಸಾಮಾನ್ಯವಾಗಿ ಸಾವಿರ ರೂಪಾಯಿಯ ಒಳಗೆ ಸಿಗುತ್ತದೆ. ಆಡುವುದನ್ನು ನಿಲ್ಲಿಸಿ ಮಾತಿನ ಕೆಲಸಕ್ಕೆ ಇಳಿಯುವ ಆಟಗಾರರು ಮೊದಲು ಕೊಳ್ಳುವ ಸಾಮಾನುಗಳಲ್ಲಿ ಇದೂ ಒಂದು. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೂತು ಮಾತಾಡುವುದಕ್ಕೆ, ಸಂದರ್ಶನಕ್ಕೆ, ಮಕ್ಕಳಿಗೆ ಆಟ ಹೇಳಿಕೊಡುವ ವಿಡಿಯೊಗೆ ಈ ಬೆಲೆಯಲ್ಲಿ ಇದು ಧಾರಾಳ ಸಾಕು. ಪಂದ್ಯದ ಪಕ್ಕ ನಿಂತು ಕಾಮೆಂಟ್ರಿ ಹೇಳಲು ಇದನ್ನು ಕೊಂಡರೆ ದುಡ್ಡು ದಂಡ. ಇವೆರಡರ ನಡುವೆ ಬರುವ ಕೆಲಸಗಳು ಬಹಳ. ಅಲ್ಲಿ ಮೈಕಿಗಿಂತ ಅದನ್ನು ಕಟ್ಟಿಕೊಳ್ಳುವ ಬಗೆಯೇ ಮುಖ್ಯ, ಹಾಗಾಗಿ ಈ ವಿಮರ್ಶೆಯಲ್ಲಿ ಹೆಚ್ಚು ಜಾಗ ಅದಕ್ಕೇ ಹೋಗಿದೆ.

ಆಟದ ಮಾತಿಗೆ ಕನ್ನಡದಲ್ಲಿ ಈಗ ಜಾಗ ಇದೆ. ಐಪಿಎಲ್, ಪ್ರೊ ಕಬಡ್ಡಿ ಎರಡನ್ನೂ ಕನ್ನಡ ಕಾಮೆಂಟ್ರಿಯಲ್ಲಿ ನೋಡುವವರಿದ್ದಾರೆ. 1999ರಲ್ಲಿ ನೈರೋಬಿಯ ಎಲ್‌ಜಿ ಕಪ್ ಕ್ರಿಕೆಟ್‌ನಲ್ಲಿ ಸರಣಿ ಶ್ರೇಷ್ಠರಾಗಿದ್ದ ವಿಜಯ್ ಭಾರದ್ವಾಜ್ ಇವತ್ತಿನ ಹುಡುಗರಿಗೆ ಬ್ಯಾಟ್ಸ್‌ಮನ್ ಆಗಿ ಗೊತ್ತಿರುವುದಕ್ಕಿಂತ ಹೆಚ್ಚಾಗಿ ದನಿಯಾಗಿ ಗೊತ್ತು. ಕಡೂರಿನ ಕ್ರಿಕೆಟ್ ಆಟಗಾರ್ತಿ ವೇದಾ ಕೃಷ್ಣಮೂರ್ತಿ ಕೂಡ ಆಟದ ನಂತರ ಕಾಮೆಂಟ್ರಿಗೆ ಬಂದವರು. ಆದರೆ ಇಂಥವರಿಗೆ ವಾಹಿನಿಯ ಬೂತ್ ಇರುತ್ತದೆ, ಒಳ್ಳೆಯ ಹೆಡ್‌ಸೆಟ್ ಇರುತ್ತದೆ, ದನಿ ಏರಿದಾಗ ಇಳಿಸಲು ಇಳಿದಾಗ ಏರಿಸಲು ಒಬ್ಬ ಎಂಜಿನಿಯರ್ ಕೂತಿರುತ್ತಾನೆ. ರಾಜ್ಯ ಮಟ್ಟದಲ್ಲೋ ವಿಶ್ವವಿದ್ಯಾಲಯದ ಮಟ್ಟದಲ್ಲೋ ಆಡಿ, ಈಗ ಬೆಳಿಗ್ಗೆ ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಅಥವಾ ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಮಕ್ಕಳಿಗೆ ಹೇಳಿಕೊಟ್ಟು, ಸಂಜೆ ಯೂಟ್ಯೂಬ್‌ಗೆ ವಿಡಿಯೊ ಮಾಡುವವರಿಗೆ ಇದೆಲ್ಲ ಎಲ್ಲಿಂದ ಬರಬೇಕು? ಅವರಿಗೆ ಇರುವುದು ಒಂದು ಫೋನು. ಆ ಫೋನಿನ ಕ್ಯಾಮೆರಾ ಬಹುತೇಕ ಚೆನ್ನಾಗಿಯೇ ಇರುತ್ತದೆ. ಕೈಕೊಡುವುದು ಸದ್ದು.

ಯಾಕೆಂದರೆ ಫೋನು ಎರಡು ಮೀಟರ್ ಆಚೆ ಸ್ಟ್ಯಾಂಡ್ ಮೇಲೆ ಇರುತ್ತದೆ. ಬಾಯಿಗೂ ಮೈಕಿಗೂ ನಡುವಿನ ದೂರ ದುಪ್ಪಟ್ಟಾದಾಗಲೆಲ್ಲ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. 15 ಸೆಂಟಿಮೀಟರ್ ದೂರದ ಮೈಕಿಗೂ 60 ಸೆಂಟಿಮೀಟರ್ ದೂರದ ಮೈಕಿಗೂ 12 ಡೆಸಿಬಲ್ ವ್ಯತ್ಯಾಸ. ಎರಡು ಮೀಟರ್ ಅಂದರೆ ಅದಕ್ಕಿಂತಲೂ 10 ಡೆಸಿಬಲ್ ಕಡಿಮೆ. ಹಿಂದಿನ ರಸ್ತೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಎಡಿಟಿಂಗ್‌ನಲ್ಲಿ ದನಿ ಏರಿಸಿದರೆ ರಸ್ತೆಯೂ ಜೊತೆಗೆ ಏರುತ್ತದೆ. ಕಾಲರ್ ಮೈಕಿನ ಗುಟ್ಟು ಇಷ್ಟೇ: ಅದು ಬಾಯಿಯ ಹತ್ತಿರ ಇರುತ್ತದೆ. ಈ ಮೈಕಿನ ಒಳಗಿರುವುದು ತೀರಾ ಸಾಧಾರಣ ಕಂಡೆನ್ಸರ್ ಕ್ಯಾಪ್ಸೂಲ್, 65 ಹರ್ಟ್ಸ್‌ನಿಂದ 18 ಕಿಲೋಹರ್ಟ್ಸ್‌ವರೆಗೆ ಹಿಡಿಯುತ್ತದೆ ಎಂದು ಕಂಪನಿ ಹೇಳುತ್ತದೆ. ಮಾತಿಗೆ ಅಷ್ಟು ಬೇಕಾದಷ್ಟಾಯಿತು.

ಡಬ್ಬಿಯಲ್ಲಿ ಮೈಕು, ಅಂಗಿಗೆ ಸಿಕ್ಕಿಸುವ ಕ್ಲಿಪ್, ಸ್ಪಂಜಿನ ಟೋಪಿ, ಎಲ್‌ಆರ್44 ಬಟನ್ ಸೆಲ್, 6.35 ಮಿಲಿಮೀಟರ್‌ನ ದಪ್ಪ ಅಡಾಪ್ಟರ್, ಒಂದು ಚೀಲ ಇರುತ್ತವೆ. ವೈರಿನ ಉದ್ದ 6 ಮೀಟರ್. ತುದಿಯಲ್ಲಿರುವುದು ನಾಲ್ಕು ಪಟ್ಟಿಯ 3.5 ಮಿಲಿಮೀಟರ್ ಪಿನ್. ವೈರಿನ ನಡುವೆ ಹೆಬ್ಬೆರಳಿನಷ್ಟು ದಪ್ಪದ ಸೆಲ್ ಡಬ್ಬಿ, ಅದರ ಮೇಲೊಂದು ಸ್ವಿಚ್ಚು. ಒಂದು ಕಡೆ ತಳ್ಳಿದರೆ ಆಫ್ ಮತ್ತು ಸ್ಮಾರ್ಟ್‌ಫೋನ್, ಇನ್ನೊಂದು ಕಡೆ ಕ್ಯಾಮೆರಾ.

ಬಹುಪಾಲು ದೂರುಗಳು ಹುಟ್ಟುವುದು ಈ ಸ್ವಿಚ್ಚಿನಲ್ಲಿ. ಆಫ್ ಎಂದು ಬರೆದಿರುವುದರಿಂದ ಫೋನಿಗೆ ಹಾಕುವಾಗಲೂ ಜನ ಅದನ್ನು ಕ್ಯಾಮೆರಾ ಕಡೆಗೆ ತಳ್ಳುತ್ತಾರೆ. ಆಗ ದನಿ ಒಡೆಯಬಹುದು, ಇಲ್ಲವೇ ಫೋನು ಈ ಮೈಕನ್ನು ಗುರುತಿಸದೆ ತನ್ನದೇ ಮೈಕಿನಿಂದ ರೆಕಾರ್ಡ್ ಮಾಡುತ್ತ ಹೋಗಬಹುದು. ಫೋನಿಗೆ ಹಾಕುವಾಗ ಸ್ವಿಚ್ಚು ಆಫ್ ಕಡೆಗೇ ಇರಬೇಕು. ಮೈಕಿಗೆ ಬೇಕಾದ ಚೂರು ಕರೆಂಟನ್ನು ಫೋನೇ ಕೊಡುತ್ತದೆ, ಸೆಲ್ ಬೇಕಾಗಿಲ್ಲ. ಕ್ಯಾಮೆರಾ ಅಥವಾ ರೆಕಾರ್ಡರಿಗೆ ಹಾಕಿದಾಗ ಮಾತ್ರ ಸೆಲ್ ಹಾಕಿ ಸ್ವಿಚ್ಚನ್ನು ಕ್ಯಾಮೆರಾ ಕಡೆಗೆ ತಳ್ಳಬೇಕು, ಕೆಲಸ ಮುಗಿದ ಮೇಲೆ ನೆನಪಿಟ್ಟು ಹಿಂದಕ್ಕೆ ತಳ್ಳಬೇಕು. ಹಾಗೇ ಬಿಟ್ಟರೆ ಮುಂದಿನ ಸಲಕ್ಕೆ ಸೆಲ್ ಸತ್ತಿರುತ್ತದೆ. ಫೋನಿನಲ್ಲೇ ಬಳಸುವವರು ಸೆಲ್ ಅನ್ನು ತೆಗೆದು ಬೇರೆ ಇಡುವುದು ಮೇಲು. ಸೋರಿದರೆ ಡಬ್ಬಿಯ ಒಳಗಿನ ಸ್ಪ್ರಿಂಗ್ ಹಸಿರುಗಟ್ಟುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲಿ ಎಜಿ13 ಎಂದು ಕೇಳಿದರೂ ಅದೇ ಅಳತೆಯದು ಸಿಗುತ್ತದೆ.

ಎರಡನೆಯ ತಾಪತ್ರಯ ಫೋನಿನ ತೂತು. ಈಗಿನ ಬಹಳಷ್ಟು ಫೋನುಗಳಲ್ಲಿ 3.5 ಮಿಲಿಮೀಟರ್ ಜ್ಯಾಕ್ ಇಲ್ಲ. ಐಫೋನಿನಲ್ಲಂತೂ 2016ರಿಂದಲೇ ಇಲ್ಲ. ಯುಎಸ್‌ಬಿ-ಸಿ ಅಡಾಪ್ಟರ್ ಬೇಕು, ಆದರೆ ಎಲ್ಲ ಅಡಾಪ್ಟರೂ ಒಂದೇ ಅಲ್ಲ. ಕೆಲವು ಹಾಡು ಕೇಳುವುದಕ್ಕಷ್ಟೇ ಆಗುತ್ತವೆ, ಮೈಕಿನ ದಾರಿಯೇ ಅದರಲ್ಲಿ ಇರುವುದಿಲ್ಲ. ಇನ್ನು ಕೆಲವು ಬರಿಯ ತಂತಿ ಜೋಡಣೆ. ಒಳಗೆ ಸದ್ದನ್ನು ಅಂಕಿಯಾಗಿ ಬದಲಿಸುವ ಚಿಪ್ ಇರುವುದಿಲ್ಲ, ಹಾಗಾಗಿ ಕೆಲವೇ ಫೋನುಗಳಲ್ಲಿ ನಡೆಯುತ್ತವೆ. ಅಂಗಡಿಯಲ್ಲಿ ಡ್ಯಾಕ್ (ಸದ್ದು ಮತ್ತು ಅಂಕಿಯನ್ನು ಬದಲಿಸುವ ಚಿಪ್ಪಿಗೆ ಅಂಗಡಿಯವರು ಹೇಳುವ ಹೆಸರು) ಇರುವ, ಮೈಕು ಹಿಡಿಯುವ ಅಡಾಪ್ಟರ್ ಎಂದೇ ಕೇಳಬೇಕು. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಾಗಲಿ ಮಂಡ್ಯದ ವಿ.ವಿ. ರಸ್ತೆಯಲ್ಲಾಗಲಿ, ಮೈಕು ಮತ್ತು ನಿಮ್ಮ ಫೋನು ಎರಡನ್ನೂ ತೆಗೆದುಕೊಂಡು ಹೋಗಿ ಕೌಂಟರಿನಲ್ಲೇ ರೆಕಾರ್ಡ್ ಮಾಡಿ ಕೇಳಿ. ಸಂಕೋಚ ಬೇಡ.

ಕೇಳಿ ನೋಡುವುದಕ್ಕೂ ಒಂದು ಕ್ರಮ ಇದೆ. ಮೊದಲು ಬ್ಲೂಟೂತ್ ಆಫ್ ಮಾಡಿ, ಜೇಬಿನಲ್ಲಿರುವ ಇಯರ್‌ಬಡ್ ಎಷ್ಟೋ ಸಲ ಮೈಕಿನ ಕೆಲಸವನ್ನು ತಾನೇ ಕಿತ್ತುಕೊಂಡಿರುತ್ತದೆ. ಫೋನಿನ ಕವರ್ ದಪ್ಪ ಇದ್ದರೆ ಪಿನ್ ಪೂರ್ತಿ ಒಳಗೆ ಹೋಗುವುದಿಲ್ಲ, ಕವರ್ ತೆಗೆಯಿರಿ. ರೆಕಾರ್ಡಿಂಗ್ ಶುರು ಮಾಡಿ ಫೋನಿನ ಬೆನ್ನ ಮೇಲೆ ಉಗುರಿನಿಂದ ಮೂರು ಸಲ ಕುಟ್ಟಿ, ಆಮೇಲೆ ಕಾಲರ್ ಮೈಕಿನ ಮೇಲೆ ಮೆಲ್ಲಗೆ ಮೂರು ಸಲ ಕುಟ್ಟಿ. ಪ್ಲೇ ಮಾಡಿದಾಗ ಯಾವುದು ಜೋರಾಗಿ ಕೇಳುತ್ತದೋ ಆ ಮೈಕು ಕೆಲಸ ಮಾಡುತ್ತಿದೆ. ಆಂಡ್ರಾಯ್ಡ್‌ನ ಕೆಲವು ಫೋನುಗಳಲ್ಲಿ ಕಂಪನಿಯ ಕ್ಯಾಮೆರಾ ಆ್ಯಪ್ ಹೊರಗಿನ ಮೈಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂಥ ಕಡೆ ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಹಾಕಿಕೊಂಡು ವಿಡಿಯೊ ಸೆಟ್ಟಿಂಗ್ಸ್‌ನಲ್ಲಿ ಆಡಿಯೊ ಸೋರ್ಸನ್ನು ಎಕ್ಸ್‌ಟರ್ನಲ್ ಮೈಕ್‌ಗೆ ಬದಲಿಸಬೇಕು.

ಈ ಮೈಕಿನ ನಿಜವಾದ ಕೊರತೆಯೂ ಇಲ್ಲೇ ಇದೆ. ರೆಕಾರ್ಡ್ ಆಗುವಾಗ ಕಿವಿಗೆ ಹಾಕಿಕೊಂಡು ಕೇಳಲು ಬೇರೆ ಜ್ಯಾಕ್ ಇಲ್ಲ, ಫೋನಿನ ಇದ್ದ ಒಂದು ತೂತನ್ನು ಮೈಕೇ ಆಕ್ರಮಿಸಿಕೊಂಡಿರುತ್ತದೆ. ಅರ್ಧ ಗಂಟೆಯ ಸಂದರ್ಶನ ಮುಗಿಸಿ ಮನೆಗೆ ಬಂದು ನೋಡಿದರೆ ಬರಿಯ ಗರಗರ ಎನ್ನುವ ಕಥೆ ಹೊಸದೇನಲ್ಲ. ಪ್ರತಿ ಸಲ, ಪ್ರತಿ ಜಾಗದಲ್ಲಿ, 20 ಸೆಕೆಂಡ್ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳದೆ ಮುಂದೆ ಹೋಗಬಾರದು. ಫೋನನ್ನು ಏರೋಪ್ಲೇನ್ ಮೋಡಿಗೂ ಹಾಕಬೇಕು. ಕರೆ ಬಂದರೆ ರೆಕಾರ್ಡಿಂಗ್ ನಿಲ್ಲುತ್ತದೆ, ಬರದಿದ್ದರೂ ಸಿಗ್ನಲ್ ಹುಡುಕುವಾಗಿನ ಡಿಟ್ ಡಿಟ್ ಸದ್ದು ವೈರಿಗೆ ಹತ್ತುತ್ತದೆ.

ಇನ್ನು ಕಟ್ಟಿಕೊಳ್ಳುವ ಬಗೆ. ಕಾಲರ್ ಮೈಕ್ ಎಂದು ಹೆಸರಿದ್ದರೂ ಕಾಲರಿಗೆ ಸಿಕ್ಕಿಸುವುದು ತಪ್ಪು. ಗದ್ದದ ಕೆಳಗೆ ಬಂದರೆ ದನಿ ಮಂಕಾಗುತ್ತದೆ, ತಲೆ ತಗ್ಗಿಸಿದಾಗ ಗಡ್ಡ ಉಜ್ಜುತ್ತದೆ. ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ, ಸುಮಾರು 15ರಿಂದ 20 ಸೆಂಟಿಮೀಟರ್ ಅಂತರ ಸರಿ. ಗುಂಡಿ ಇರುವ ಶರ್ಟಿಗೆ ಇದು ಸುಲಭ. ಆಟಗಾರರು ಹಾಕುವುದು ಗುಂಡಿಯೇ ಇಲ್ಲದ ಜೆರ್ಸಿ, ಇಲ್ಲವೇ ಜಿಪ್ ಇರುವ ಟ್ರ್ಯಾಕ್‌ಸೂಟ್. ಜೆರ್ಸಿಯ ಕೊರಳಿಗೆ ಸಿಕ್ಕಿಸಿದರೆ ಬಟ್ಟೆ ಜೋತುಬಿದ್ದು ಮೈಕು ಕೆಳಮುಖವಾಗಿ ಒಳಕ್ಕೆ ತಿರುಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಒಂದು ಇಂಚಿನ ಪೇಪರ್ ಟೇಪು ಇದಕ್ಕೆ ಮದ್ದು. ಜೆರ್ಸಿಯ ಒಳಗಿನಿಂದ ಕ್ಲಿಪ್ಪಿನ ಹಿಂಭಾಗಕ್ಕೆ ಒಂದು ತುಂಡು, ಅದರ ಎರಡು ಇಂಚು ಕೆಳಗೆ ವೈರನ್ನು ಸಣ್ಣ ಸುತ್ತು ಮಾಡಿ ಇನ್ನೊಂದು ತುಂಡು. ಈ ಸುತ್ತನ್ನು ಬಿಡಬಾರದು. ವೈರ್ ಎಲ್ಲೋ ಎಳೆದರೆ ಆ ಎಳೆತ ಸುತ್ತಿನಲ್ಲೇ ನಿಲ್ಲುತ್ತದೆ, ಮೈಕಿಗೆ ತಟ್ಟುವುದಿಲ್ಲ. ನೈಲಾನ್ ಟ್ರ್ಯಾಕ್‌ಸೂಟ್ ಕೈ ಆಡಿಸಿದರೆ ಸಾಕು ಸರಸರ ಎನ್ನುತ್ತದೆ. ಆ ದಿನಕ್ಕೆ ಹತ್ತಿಯ ಟೀ ಶರ್ಟ್ ಹಾಕುವುದು ಟೇಪಿಗಿಂತ ಅಗ್ಗದ ಪರಿಹಾರ. ಕೊರಳಿನ ಸೀಟಿ, ಐಡಿ ಕಾರ್ಡ್, ತಾಯಿತ ತೆಗೆದಿಡಬೇಕು. ಸೀಟಿ ಮೈಕಿಗೆ ತಾಗಿದ ಟಿಕ್ ಟಿಕ್ ಅನ್ನು ಆಮೇಲೆ ತೆಗೆಯುವುದು ಕಷ್ಟ.

ಮೈದಾನದಲ್ಲಿ ಕೂಗಿ ಅಭ್ಯಾಸವಾದ ಗಂಟಲು ಬೇರೆ ಇರುತ್ತದೆ. ನೂರು ಅಡಿ ಆಚೆ ನಿಂತ ಹುಡುಗನಿಗೆ ‘ಏಯ್, ಕಾಲು ಹಿಂದಕ್ಕಿಡ್ಲಾ’ ಎಂದು ಹೇಳಿದ ದನಿಯಲ್ಲೇ ಕ್ಯಾಮೆರಾಕ್ಕೂ ಮಾತಾಡಿದರೆ ಸದ್ದಿನ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಆ ಒಡಕನ್ನು ಆಮೇಲೆ ರಿಪೇರಿ ಮಾಡಲಾಗದು. ಅಂಥವರು ಮೈಕನ್ನು ಇನ್ನೂ 5–10 ಸೆಂಟಿಮೀಟರ್ ಕೆಳಗಿಳಿಸಲಿ. ಮಟ್ಟ ತೋರಿಸುವ ಆ್ಯಪ್ ಇದ್ದರೆ ಸಾಮಾನ್ಯ ಮಾತು ಮೈನಸ್ 12 ಡೆಸಿಬಲ್ ಸುತ್ತ, ಜೋರು ಮಾತು ಮೈನಸ್ 6 ದಾಟದಂತೆ ಇಟ್ಟುಕೊಳ್ಳಬೇಕು. ಫೌಲ್, ಪಾಯಿಂಟ್, ಬೌಂಡರಿ, ಪಂದ್ಯ ಎಂಬ ಮಾತುಗಳಲ್ಲಿ ಪಕಾರ, ಬಕಾರ, ಫಕಾರಗಳ ಉಸಿರು ಮೈಕಿಗೆ ಬಡಿದು ಧಬ್ ಎನ್ನುತ್ತದೆ. ಮೈಕನ್ನು ತಲೆಕೆಳಗಾಗಿ ಸಿಕ್ಕಿಸಿದರೆ ಇದು ಬಹಳ ಕಡಿಮೆಯಾಗುತ್ತದೆ. ಈ ಮೈಕು ಎಲ್ಲ ದಿಕ್ಕಿನಿಂದಲೂ ಒಂದೇ ಸಮ ಕೇಳಿಸಿಕೊಳ್ಳುವ ಜಾತಿಯದು, ಕೆಳಗೆ ಮುಖ ಮಾಡಿದರೂ ದನಿಗೆ ನಷ್ಟವಿಲ್ಲ.

6 ಮೀಟರ್ ವೈರು ಕೇಳುವುದಕ್ಕೆ ಉದ್ದ, ಮೈದಾನದಲ್ಲಿ ಮೋಟು. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಫೋನನ್ನು ಪಕ್ಕದ ಗೆರೆಯ ಹೊರಗಿಟ್ಟರೆ ಅರ್ಧ ಅಂಕಣವನ್ನೂ ಪೂರ್ತಿ ಸುತ್ತಲಾಗದು. ರೇಡ್ ಮಾಡಿ ತೋರಿಸಲು ಹೋದ ಮೇಷ್ಟ್ರ ಕಾಲಿಗೇ ವೈರು ಸುತ್ತಿಕೊಂಡು ಆಂಕಲ್ ಹೋಲ್ಡ್ ಬೀಳುತ್ತದೆ. ಇದಕ್ಕೆ ವೈರ್‌ಲೆಸ್ ಮೈಕೇ ಗತಿ ಎಂದು ಅಂಗಡಿಯವರು ಹೇಳಿದರೂ ಕಾಸು ಖರ್ಚಿಲ್ಲದ ದಾರಿ ಒಂದಿದೆ. ಮನೆಯಲ್ಲಿ ಮೂಲೆ ಸೇರಿದ ಹಳೆಯ ಫೋನಿಗೆ ಸಾಮಾನ್ಯವಾಗಿ 3.5 ಜ್ಯಾಕ್ ಇರುತ್ತದೆ. ಮೈಕನ್ನು ಅದಕ್ಕೆ ಹಾಕಿ, ವಾಯ್ಸ್ ರೆಕಾರ್ಡರ್ ಚಾಲೂ ಮಾಡಿ, ಸೊಂಟದ ಪೌಚಿನಲ್ಲಿಟ್ಟು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಉಳಿದ ವೈರನ್ನು ಸುತ್ತಿ ಅದೇ ಪೌಚಿಗೆ ತುರುಕಬೇಕು. ಹೊಸ ಫೋನು ಸ್ಟ್ಯಾಂಡ್ ಮೇಲೆ ಚಿತ್ರ ಹಿಡಿಯುತ್ತಿರಲಿ. ಎರಡೂ ಓಡುತ್ತಿರುವಾಗ ಕ್ಯಾಮೆರಾಕ್ಕೆ ಕಾಣುವ ಹಾಗೆ ಒಂದು ಚಪ್ಪಾಳೆ. ಎಡಿಟಿಂಗ್‌ನಲ್ಲಿ ಎರಡೂ ಕಡೆಯ ಚಪ್ಪಾಳೆಯ ಮೊನೆ ಒಂದರ ಕೆಳಗೆ ಒಂದು ಬರುವಂತೆ ಜೋಡಿಸಿ, ಕ್ಯಾಮೆರಾದ ಸದ್ದನ್ನು ಸೊನ್ನೆ ಮಾಡಿದರೆ ಮುಗಿಯಿತು. ಎರಡು ಫೋನಿನ ಗಡಿಯಾರಗಳು ಕೂದಲೆಳೆಯಷ್ಟು ಬೇರೆ ಓಡುವುದರಿಂದ ಉದ್ದ ರೆಕಾರ್ಡಿಂಗ್‌ನ ಕೊನೆಗೆ ತುಟಿಗೂ ಮಾತಿಗೂ ಹೊಂದಿಕೆ ತಪ್ಪಬಹುದು. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಹೊಸ ಚಪ್ಪಾಳೆ ಹೊಡೆಯಿರಿ. ಜಾಗದ ಲೆಕ್ಕ ಬೇಕಾದರೆ, 48 ಕಿಲೋಹರ್ಟ್ಸ್, 16 ಬಿಟ್, ಮೊನೊ ವೇವ್ ಕಡತ ನಿಮಿಷಕ್ಕೆ ಸುಮಾರು 5.8 ಎಂಬಿ, ಗಂಟೆಗೆ 350 ಎಂಬಿಯ ಆಸುಪಾಸು. ಹಳೆಯ ಫೋನಿಗೂ ಇದು ಭಾರವಲ್ಲ.

ಒಂದು ಪಟ್ಟು ತೋರಿಸಿದ ಕೂಡಲೇ ಮಾತು ಶುರು ಮಾಡಬಾರದು ಎನ್ನುವುದನ್ನೂ ಹೇಳಬೇಕು. ಎದೆಯ ಮೇಲಿನ ಮೈಕು ಏದುಸಿರನ್ನು ಮಾತಿನಷ್ಟೇ ನಿಷ್ಠೆಯಿಂದ ಹಿಡಿಯುತ್ತದೆ. ತೋರಿಸುವುದನ್ನು ಬೇರೆ, ವಿವರಿಸುವುದನ್ನು ಬೇರೆ ಶೂಟ್ ಮಾಡಿ.

ಜಾಗದಿಂದ ಜಾಗಕ್ಕೆ ಈ ಮೈಕಿನ ನಡವಳಿಕೆ ಬದಲಾಗುತ್ತದೆ. ಮೈಸೂರಿನ ಹಳೆಯ ಗರಡಿ ಮನೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಮಟ್ಟಿಯ, ಅಂದರೆ ಕುಸ್ತಿ ಅಖಾಡದ, ಮಣ್ಣು ಸದ್ದನ್ನು ಹೀರಿಕೊಳ್ಳುತ್ತದೆ, ಕೋಣೆ ಸಣ್ಣದು, ಮಾತು ಗುಂಯ್‌ಗುಡುವುದಿಲ್ಲ. ದಸರಾ ಕುಸ್ತಿಗೆ ಮುಂಚಿನ ವಾರಗಳಲ್ಲಿ ಹಿರಿಯ ಉಸ್ತಾದರನ್ನು ಮಾತಾಡಿಸುವವರು ಅಲ್ಲೇ ಕೂತು ಮಾಡಲಿ. ಆದರೆ ಕೆಮ್ಮಣ್ಣಿನ ದೂಳು ಸ್ಪಂಜಿಗೆ ಕೂರುತ್ತದೆ. ಒಳಾಂಗಣ ಕ್ರೀಡಾಂಗಣ ಇದಕ್ಕೆ ತದ್ವಿರುದ್ಧ. ಎತ್ತರದ ಚಾವಣಿ, ಬರಿಯ ಗೋಡೆ, ಮರದ ನೆಲ. ಚೆಂಡಿನ ಒಂದೊಂದು ಪುಟಿತವೂ ಎರಡೆರಡು ಸಲ ಕೇಳುತ್ತದೆ. ಅಂಗಳದ ನಡುವೆ ನಿಲ್ಲುವ ಬದಲು ವ್ಯಾಯಾಮದ ಮ್ಯಾಟುಗಳನ್ನು ಪೇರಿಸಿಟ್ಟ ಮೂಲೆಯಲ್ಲಿ, ಮುಖ ಆ ಮ್ಯಾಟುಗಳ ಕಡೆ ಮಾಡಿ ಮಾತಾಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಮಂಡ್ಯದಲ್ಲಿ ರಸ್ತೆ ಬದಿಯ ಮೈದಾನಗಳಿಗೆ ಇನ್ನೊಂದು ಕಾಟ, ಕಬ್ಬು ನುರಿಯುವ ಕಾಲದಲ್ಲಿ ಹಾಡು ಹಾಕಿಕೊಂಡು ಹೋಗುವ ಟ್ರ್ಯಾಕ್ಟರುಗಳು. ಆ ಹಾಡು ಹಿಂದೆ ಸಿಕ್ಕಿಬಿದ್ದರೆ ಗದ್ದಲದ ಜೊತೆಗೆ ಯೂಟ್ಯೂಬಿನ ಕಾಪಿರೈಟ್ ನೋಟಿಸೂ ಬರಬಹುದು. ಟ್ರ್ಯಾಕ್ಟರ್ ಹೋಗಲಿ, ಆಮೇಲೆ ವಾಕ್ಯವನ್ನು ಮೊದಲಿನಿಂದ ಹೇಳಿ.

ಗಾಳಿಗೆ ಈ ಮೈಕಿನ ಜೊತೆ ಬರುವ ಸ್ಪಂಜು ಏನೇನೂ ಸಾಲದು. ಮೈಸೂರಿನ ಓವಲ್ ಮೈದಾನದಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಆಷಾಢದ ಗಾಳಿ ಬೀಸುವಾಗ ರೆಕಾರ್ಡ್ ಮಾಡಿದರೆ ಭರ್ರ್ ಎನ್ನುವುದರ ನಡುವೆ ಮಾತು ಹುಡುಕಬೇಕು. ಸ್ಪಂಜಿನ ಮೇಲೆ ತೊಡಿಸುವ, ಬೆಕ್ಕಿನ ಮರಿಯಂಥ ಕೂದಲಿನ ಟೋಪಿ ಬೇರೆ ಸಿಗುತ್ತದೆ. ಹೊರಗೆ ಕೆಲಸ ಮಾಡುವವರು ಅದನ್ನು ಮೈಕಿನ ಜೊತೆಗೇ ಕೊಳ್ಳಬೇಕು. ಗಾಳಿಗೆ ಬೆನ್ನು ಮಾಡಿ ನಿಂತರೆ ಮೈಯೇ ಮರೆ. ಉಳಿದದ್ದನ್ನು ಆಡಾಸಿಟಿ ಎಂಬ ಸದ್ದಿನ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ 80ರಿಂದ 100 ಹರ್ಟ್ಸ್‌ನ ಹೈ ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸದ್ದನ್ನು ತಡೆಯುವ ಜರಡಿ) ಹಾಕಿ ತಗ್ಗಿಸಬಹುದು. ನಾಯ್ಸ್ ರಿಡಕ್ಷನ್ ಕೈಗೆ ಸಿಕ್ಕಿತೆಂದು 20 ಡೆಸಿಬಲ್ ಎಳೆಯಬೇಡಿ, ದನಿ ಬಾವಿಯ ಒಳಗಿನಿಂದ ಬಂದಂತಾಗುತ್ತದೆ. 6ರಿಂದ 9 ಸಾಕು.

ಕಾಮೆಂಟ್ರಿಗೆ ಯಾಕೆ ಬೇಡ? ಎಲ್ಲ ದಿಕ್ಕಿನಿಂದ ಕೇಳಿಸಿಕೊಳ್ಳುವ ಗುಣವೇ ಇಲ್ಲಿ ಮುಳುವು. ಪ್ರೇಕ್ಷಕರ ನಡುವೆ ಕೂತಾಗ ಪಕ್ಕದವನ ಕೂಗೂ ನಿಮ್ಮ ಮಾತೂ ಸರಿಸಮ. ವಾಹಿನಿಗಳಲ್ಲಿ ಬಾಯಿಗೆ ಎರಡು ಬೆರಳು ದೂರದಲ್ಲಿ ನಿಲ್ಲುವ ಹೆಡ್‌ಸೆಟ್ ಮೈಕ್ ಇರುತ್ತದೆ. ಬಿಬಿಸಿಯ ಕಾಮೆಂಟ್ರಿಯವರು ಬಹುಕಾಲ ಬಳಸಿದ ಕೋಲ್ಸ್ ಮೈಕನ್ನಂತೂ ಮೇಲ್ತುಟಿಗೆ ಒತ್ತಿಕೊಂಡೇ ಮಾತಾಡಬೇಕು, ಹೊರಗಿನ ಗದ್ದಲ ಅದಕ್ಕೆ ಹತ್ತುವುದೇ ಅಪರೂಪ. ಊರ ಹಬ್ಬದ ಕಬಡ್ಡಿಯಲ್ಲಿ ಮೈಕ್‌ಸೆಟ್‌ನವರ ಮಿಕ್ಸರಿಗೆ ಈ ಮೈಕನ್ನು ಸೇರಿಸುವ ಆಸೆ ಹುಟ್ಟಿಸುವುದು ಡಬ್ಬಿಯಲ್ಲಿರುವ ಆ ದಪ್ಪ ಅಡಾಪ್ಟರು. ಪಿನ್ ಒಳಗೆ ಹೋಗುತ್ತದೆ, ಸರಿ. ಹಾರ್ನಿನ ಸದ್ದು ಮತ್ತೆ ಮೈಕಿಗೆ ಬಂದು, ಅದೇ ಮತ್ತೆ ಹಾರ್ನಿಗೆ ಹೋಗಿ ಕೂಂಯ್ ಎಂದು ಕಿವಿ ಹರಿಯುತ್ತದೆ. ಅಲ್ಲಿ ಮೈಕ್‌ಸೆಟ್‌ನವರೇ ಕೊಡುವ ಕೈಮೈಕನ್ನು ತುಟಿಯ ಹತ್ತಿರ ಹಿಡಿಯುವುದೇ ಸರಿ.

ಹಾಗೆಂದು ಕಾಮೆಂಟ್ರಿಯ ಅಭ್ಯಾಸಕ್ಕೆ ಇದು ಬೇಡವೆಂದಲ್ಲ. ಮನೆಯಲ್ಲಿ ಟಿವಿಯ ದನಿ ಸೊನ್ನೆ ಮಾಡಿ, ಓಡುತ್ತಿರುವ ಪಂದ್ಯಕ್ಕೆ ಹತ್ತು ನಿಮಿಷ ಮಾತು ಹೇಳಿ ರೆಕಾರ್ಡ್ ಮಾಡಿಕೊಳ್ಳುವುದಕ್ಕೆ ಇದಕ್ಕಿಂತ ಅಗ್ಗದ ಗುರು ಇಲ್ಲ. ಕಬಡ್ಡಿ ಕಲಿಯುವವರಿಗೆ ಹೆಚ್ಚು ಅನುಕೂಲ, ಒಂದು ರೇಡಿಗೆ 30 ಸೆಕೆಂಡ್. ಅಷ್ಟರಲ್ಲಿ ರೇಡರ್ ಯಾರು, ಎದುರಿಗೆ ಎಷ್ಟು ಜನ, ಏನಾಯಿತು, ಈಗ ಅಂಕ ಎಷ್ಟು, ಈ ನಾಲ್ಕೂ ಬರಬೇಕು. ಆಡಿದವರು ಸಾಮಾನ್ಯವಾಗಿ ಬಿಡುವುದು ಕೊನೆಯದನ್ನು. ಅವರ ಕಣ್ಣಿಗೆ ಅಂಕ ಯಾವಾಗಲೂ ಕಾಣುತ್ತಿರುತ್ತದೆ, ಕೇಳುವವನಿಗೆ ಕಾಣುವುದಿಲ್ಲ ಎನ್ನುವುದು ಮರೆತುಹೋಗುತ್ತದೆ. ಆಮೇಲೆ ಕೇಳುತ್ತ ‘ಏನಪ್ಪಾ ಅಂದ್ರೆ’, ‘ಆ್ಯಕ್ಚುಲಿ’, ‘ಒಂದ್ ರೀತಿ’ ಎಷ್ಟು ಸಲ ಬಂದವು ಎಂದು ಗೆರೆ ಹಾಕಿ ಎಣಿಸಬೇಕು. ಮೈಸೂರು ಯಾದವಗಿರಿಯ ಆಕಾಶವಾಣಿಗೆ ದನಿ ಪರೀಕ್ಷೆ ಕೊಡುವ ಆಸೆ ಇರುವವರಿಗೂ ಇದೇ ತಯಾರಿ ನಡೆಯುತ್ತದೆ. ಪ್ರಸಾರದ ಪಂದ್ಯದ ಮೇಲೆ ಮಾಡಿದ ಈ ರೆಕಾರ್ಡಿಂಗನ್ನು ಚಿತ್ರದ ಸಮೇತ ಅಪ್‌ಲೋಡ್ ಮಾತ್ರ ಮಾಡಬೇಡಿ. ಆ ಚಿತ್ರದ ಹಕ್ಕು ವಾಹಿನಿಯದು, ಕಟ್ಟಿ ಬೆಳೆಸಿದ ಚಾನೆಲ್ಲಿಗೇ ಸಂಚಕಾರ ಬಂದೀತು.

ಮಕ್ಕಳ ಜೊತೆ ಕೆಲಸ ಮಾಡುವಾಗ ಇದರ ಒಂದು ಮಿತಿ ಎದ್ದು ಕಾಣುತ್ತದೆ: ಮೈಕು ಒಂದೇ, ಮಾತಾಡುವವರು ಇಬ್ಬರು. ಪ್ರಶ್ನೆ ಕೇಳುವ ಹುಡುಗಿಯ ದನಿ ದೂರದಲ್ಲಿ, ಉತ್ತರ ಕೊಡುವ ಸಾರ್ ದನಿ ಕಿವಿಯಲ್ಲೇ. ಇಬ್ಬರೂ ಪಕ್ಕಪಕ್ಕ ಕೂತು ಮೈಕನ್ನು ಇಬ್ಬರ ನಡುವಿನ ಭುಜದ ಕಡೆಗೆ ಸಿಕ್ಕಿಸುವುದು ಒಂದು ಜುಗಾಡ್, ಪರವಾಗಿಲ್ಲ ಅನ್ನುವಷ್ಟು ನಡೆಯುತ್ತದೆ. ಇಂಥ ಕೆಲಸವೇ ಹೆಚ್ಚಿದ್ದರೆ ಇದೇ ಕಂಪನಿಯ ಎರಡು ಮೈಕು ಒಂದೇ ಪಿನ್ನಿಗೆ ಸೇರುವ ಬಿವೈ-ಎಂ1ಡಿಎಂ ನೋಡಬಹುದು. ಅದರಲ್ಲಿ ಇಬ್ಬರ ದನಿಯೂ ಒಂದರಲ್ಲೇ ಬೆರೆತುಹೋಗುವುದರಿಂದ ಒಬ್ಬರನ್ನು ಮಾತ್ರ ಏರಿಸಲಾಗದು. ಮೆಲುದನಿಯ ಮಗುವಿನ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಸಿಕ್ಕಿಸಿ ಸರಿದೂಗಿಸಬೇಕು.

ಮೈಕನ್ನು ಮಗು ತಾನೇ ಸಿಕ್ಕಿಸಿಕೊಳ್ಳಲಿ, ಆಗದಿದ್ದರೆ ಅದರ ಅಮ್ಮನೋ ಗೆಳತಿಯೋ ಸಿಕ್ಕಿಸಲಿ. ತರಬೇತುದಾರರ ಕೈ ಅಲ್ಲಿಗೆ ಹೋಗುವುದು ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ತಂದೆತಾಯಿಯ ಅಥವಾ ಪೋಷಕರ ಒಪ್ಪಿಗೆ ಬೇಕು. ಬಾಯಿಮಾತಿನ ‘ಆಯ್ತು ಸಾರ್’ ಅನ್ನು ನೆಚ್ಚಿಕೊಳ್ಳದೆ, ಯಾವ ವಿಡಿಯೊ, ಎಲ್ಲಿ ಹಾಕುತ್ತೇವೆ, ಬೇಡ ಎಂದರೆ ತೆಗೆಯುತ್ತೇವೆ ಎಂದು ಕನ್ನಡದಲ್ಲೇ ಬರೆದ ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳುವುದು ಲೇಸು. ಶಾಲೆಯ ಹೆಸರು, ಊರು, ಪ್ರ್ಯಾಕ್ಟೀಸಿನ ಸಮಯ ಮೂರೂ ಒಂದೇ ವಿಡಿಯೊದಲ್ಲಿ ಬರದಂತೆ ನೋಡಿಕೊಳ್ಳಿ.

ವೈರ್‌ಲೆಸ್ ಮೈಕಿನ ಜೊತೆ ಹೋಲಿಕೆ ತಪ್ಪಿದ್ದಲ್ಲ. ಇದೇ ಬೆಲೆಗೆ ಸಿಗುವ ಹೆಸರಿಲ್ಲದ ವೈರ್‌ಲೆಸ್ ಜೋಡಿಗಳಲ್ಲಿ ಹಿಂದಿನಿಂದ ಸುಯ್ ಎನ್ನುವ ಸದ್ದು ಸಾಮಾನ್ಯ. ಅವು ಓಡುವುದು ಹೆಚ್ಚಾಗಿ ವೈಫೈ ಓಡುವ 2.4 ಗಿಗಾಹರ್ಟ್ಸ್‌ನಲ್ಲೇ. ನೂರಾರು ಫೋನು ಸೇರಿರುವ ಪಂದ್ಯದ ಜಾಗದಲ್ಲಿ ತಡವರಿಸುತ್ತವೆ. ಆ ಅಲೆಗಳನ್ನು ಮನುಷ್ಯನ ಮೈ ಹೀರಿಕೊಳ್ಳುವುದರಿಂದ ಎದೆಗೆ ಮೈಕು ಸಿಕ್ಕಿಸಿ ಫೋನಿಗೆ ಬೆನ್ನು ಮಾಡಿದ ಕೂಡಲೇ ಮಾತು ತುಂಡಾಗುತ್ತದೆ, ಮಕ್ಕಳ ಕಡೆ ತಿರುಗಿ ಮಾತಾಡುವವರಿಗೆ ಇದು ಪ್ರತಿ ನಿಮಿಷದ ಪಾಡು. ಮೂರು ನಾಲ್ಕು ಪಟ್ಟು ಬೆಲೆ ಕೊಟ್ಟರೆ ಒಳ್ಳೆಯ ವೈರ್‌ಲೆಸ್ ಸಿಗುತ್ತದೆ, ಅದು ನಿಜಕ್ಕೂ ಹಾಯಾದ ಸಾಧನ. ಚಾನೆಲ್ಲಿನಿಂದ ದುಡ್ಡು ಬರಲು ಶುರುವಾದ ಮೇಲೆ ಅದನ್ನು ಯೋಚಿಸಬಹುದು. ಯೂಟ್ಯೂಬ್ ಜಾಹೀರಾತಿನ ಪಾಲು ಕೊಡುವುದು 1000 ಚಂದಾದಾರರು ಮತ್ತು ಒಂದು ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆ, ಅಥವಾ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ ದಾಟಿದ ಮೇಲೆ. ಅಲ್ಲಿಯತನಕ ಈ ವೈರಿನ ಮೈಕು ದೂರು ಹೇಳದೆ ದುಡಿಯುತ್ತದೆ.

ದುಡಿಯಬೇಕಾದರೆ ಅಸಲಿ ಆಗಿರಬೇಕು. ಜನಪ್ರಿಯವಾದದ್ದಕ್ಕೆಲ್ಲ ಇರುವಂತೆ ಇದಕ್ಕೂ ನಕಲಿ ಇದೆ. ಡಬ್ಬಿಯ ಅಕ್ಷರ ಮಸುಕಾಗಿದ್ದರೆ, ಬೆಲೆ ಉಳಿದೆಡೆಗಿಂತ ಅರ್ಧಕ್ಕೆ ಇಳಿದಿದ್ದರೆ, ಬಿಲ್ ಕೊಡುವುದಿಲ್ಲ ಎಂದರೆ ಬಿಟ್ಟುಬಿಡಿ. ಆನ್‌ಲೈನಿನಲ್ಲಿ ತರಿಸುವವರು ಮಾರುವವರ ಹೆಸರು ನೋಡಿ ಕೊಳ್ಳಲಿ, ಡಬ್ಬಿ ಬಿಚ್ಚುವಾಗಲೇ ವಿಡಿಯೊ ಮಾಡಿಟ್ಟುಕೊಳ್ಳಲಿ.

ಇನ್ನು ಬಾಳಿಕೆ. ಮೊದಲು ಕಳೆದುಹೋಗುವುದು ಸ್ಪಂಜು, ಬಿಡಿಯಾಗಿ ನಾಲ್ಕೈದು ತೆಗೆದಿಟ್ಟುಕೊಳ್ಳಿ. ಮೊದಲು ಮುರಿಯುವುದು ಪಿನ್ನಿನ ಬುಡದ ವೈರು. ಅದಕ್ಕೆ ಕಾರಣ ನಡುವಿನ ಸೆಲ್ ಡಬ್ಬಿ, ಅದು ಫೋನಿನಿಂದ ಜೋತಾಡಿ ಬುಡವನ್ನು ಎಳೆಯುತ್ತಲೇ ಇರುತ್ತದೆ. ಡಬ್ಬಿಯನ್ನು ಸ್ಟ್ಯಾಂಡಿನ ಕಾಲಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದರೆ ಬಾಳಿಕೆ ಹೆಚ್ಚು. ವೈರನ್ನು ಫೋನಿನ ಸುತ್ತ ಬಿಗಿದು ಸುತ್ತಬಾರದು. ಅಂಗೈ ಅಗಲದ ಸಡಿಲ ಸುರುಳಿ, ಒಂದು ಸುತ್ತು ಹೊರಮುಖ, ಮುಂದಿನದು ಒಳಮುಖ. ಹೀಗೆ ಸುತ್ತಿದರೆ ಬಿಚ್ಚುವಾಗ ಗಂಟು ಬೀಳುವುದಿಲ್ಲ. ಬೆವರು ಈ ಮೈಕಿನ ದೊಡ್ಡ ಶತ್ರು. ತರಬೇತಿ ಮುಗಿದ ಮೇಲೆ ಸ್ಪಂಜು ತೆಗೆದು ಮೈಕನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ, ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಚೀಲದಲ್ಲಿಡಿ. ದೂಳು ಕೂತಿದೆಯೆಂದು ಜಾಲರಿಗೆ ಬಾಯಿಂದ ಊದಿದರೆ ಎಂಜಲಿನ ತೇವ ಒಳಗೆ ಹೋಗುತ್ತದೆ, ಒಣ ಬಣ್ಣದ ಕುಂಚದಿಂದ ಗುಡಿಸಿದರೆ ಸಾಕು. ಗರಡಿಯ ಕೆಮ್ಮಣ್ಣು ಹಿಡಿದ ಸ್ಪಂಜನ್ನು ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ ಬರಿಯ ಒತ್ತಿ ತೆಗೆದು, ನೆರಳಿನಲ್ಲಿ ಒಂದು ದಿನ ಪೂರ್ತಿ ಒಣಗಿಸಿ ಹಾಕಬೇಕು.